ಕೃಷ್ಣದೇವರಾಯನಿಗೆ ಹೊಲಿದ ಅಂಗಿ

ರಾಯಚೂರನ್ನು ಗೆದ್ದು ರಾಜಧಾನಿಗೆ ಮರಳಿದ ಕೃಷ್ಣದೇವರಾಯ ತುಂಬಿದ ಸಭೆಯಲ್ಲಿ ಎದ್ದು ನಿಂತು, ಒರೆಯಿಂದ ಕತ್ತಿ ಹಿರಿದು ಮೇಲಕ್ಕೆತ್ತಬೇಕು, ಸಾಮಂತರು ಜಯಕಾರ ಹಾಕಬೇಕು, ತೆರೆ ಬೀಳಬೇಕು. 1987ರಲ್ಲಿ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗರು ಆಡಿದ ನಾಟಕದ ಕೊನೆಯ ದೃಶ್ಯ ಅದು. ರಾಯ ಎದ್ದ. ಕತ್ತಿಯನ್ನೂ ಹಿರಿದ. ಆದರೆ ಕೈ ಹೆಗಲ ಮಟ್ಟವನ್ನು ದಾಟುತ್ತಿದ್ದಂತೆ ಅಂಗಿಯ ಬಲಗಂಕುಳು ಚರ್ರನೆ ಹರಿಯಿತು. ಆ ಸದ್ದು ಮೈಕಿಗೆ ಸಿಕ್ಕಿ ಮೈದಾನದ ಕೊನೆಯ ಸಾಲಿನವರೆಗೂ ಹೋಯಿತು. ಕೆಂಪು ಮಖಮಲ್ಲಿನ ಸೀಳಿನೊಳಗಿಂದ ಬಿಳಿಯ ಬನಿಯನ್ನು ಇಣುಕಿತು. ಜಯಕಾರ ಹಾಕಬೇಕಾದ ಸಾಮಂತರೇ ಮೊದಲು ನಕ್ಕರು.

ಆ ಅಂಗಿ ಹೊಲಿದವನು ನಾನು. ಆಗ ತುಂಗಭದ್ರೆಯ ದಂಡೆಯ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಇತಿಹಾಸದ ಹೊಸ ಉಪನ್ಯಾಸಕ. ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವ ಅಂಗಡಿಯವರು ಅದೇ ವಾರ ಜಾತ್ರೆಯ ನಾಟಕವೊಂದಕ್ಕೆ ಎಲ್ಲ ರಾಜರನ್ನೂ ಕೊಟ್ಟುಬಿಟ್ಟಿದ್ದರು. ಮನೆಯಲ್ಲಿ ತಾಯಿಯ ಹೊಲಿಗೆಯಂತ್ರ ಇತ್ತು, ಕಾಲೇಜು ಓದುವಾಗ ರಜೆಯಲ್ಲಿ ಅದನ್ನು ತುಳಿದು ದಿಂಬಿನ ಚೀಲ, ಲಂಗ ಹೊಲಿದ ಅನುಭವವೂ ಇತ್ತು. ಇತಿಹಾಸ ಪಾಠ ಹೇಳುವವನು, ಹೊಲಿಗೆಯೂ ಬರುತ್ತದೆ. ರಾಯನಿಗೊಂದು ಅಂಗಿ ಹೊಲಿಯುವುದು ಎಷ್ಟರ ಕೆಲಸ ಎಂದುಕೊಂಡೆ.

ಮೂರು ಮೀಟರು ಮಖಮಲ್ಲು ತಂದೆ. ಅಂಚಿಗೆ ಚಿನ್ನದ ಬಣ್ಣದ ಲೇಸು. ನನ್ನದೇ ಒಂದು ಶರ್ಟನ್ನು ಬಟ್ಟೆಯ ಮೇಲೆ ಹರಡಿ, ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಮೊಳಕಾಲಿನ ತನಕ ಉದ್ದ ಬಿಟ್ಟು ಕತ್ತರಿಸಿದೆ. ಮಖಮಲ್ಲಿನ ರೋಮಕ್ಕೆ ಒಂದು ದಿಕ್ಕಿದೆ ಎಂಬುದು ಆಗ ತಿಳಿಯದು. ಮುಂಭಾಗದ ತುಂಡನ್ನು ಒಂದು ದಿಕ್ಕಿಗೆ, ಹಿಂಭಾಗವನ್ನು ಇನ್ನೊಂದು ದಿಕ್ಕಿಗೆ ಇಟ್ಟು ಕತ್ತರಿಸಿದ್ದರಿಂದ ದೀಪದ ಬೆಳಕಿನಲ್ಲಿ ರಾಯ ಎದುರಿನಿಂದ ಕಡುಗೆಂಪಾಗಿಯೂ ಬೆನ್ನಿನಿಂದ ತಿಳಿಗೆಂಪಾಗಿಯೂ ಕಾಣುತ್ತಿದ್ದ. ರಟ್ಟಿನ ಕಿರೀಟಕ್ಕೆ ಬಂಗಾರದ ಕಾಗದ ಅಂಟಿಸಿದ್ದೆವು; ಎರಡನೆಯ ಅಂಕದ ಹೊತ್ತಿಗೆ ಬೆವರಿಗೆ ನೆನೆದು ಅದು ಒಂದು ಕಿವಿಯ ಮೇಲೆ ವಾಲಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆಯಲ್ಲ, ನಾನು ಮಾಡಿದ್ದೂ ಅದನ್ನೇ. ರಾಯ ಯಾರು, ಏನು ಉಡುತ್ತಿದ್ದ ಎಂದು ಕೇಳುವ ಮೊದಲೇ ಅವನ ಬಟ್ಟೆ ಸಿದ್ಧವಾಗಿತ್ತು. ಈ ಗಾದೆಯ ಕುಲಾವಿಗೂ ರಾಯನಿಗೂ ಇರುವ ನಂಟು ನನಗೆ ಗೊತ್ತಾಗಲು ಮುಂದೆ ಹನ್ನೆರಡು ವರ್ಷ ಬೇಕಾಯಿತು.

ಆ ಕೆಂಪು ಮಖಮಲ್ಲು, ಆ ಕಿರೀಟ ನನ್ನ ತಲೆಗೆ ಬಂದದ್ದಾದರೂ ಎಲ್ಲಿಂದ? ಪಾಠದ ಪುಸ್ತಕದಿಂದಂತೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಊರೂರು ತಿರುಗಿದ ಪಾರ್ಸಿ ನಾಟಕ ಮಂಡಳಿಗಳು ರಂಗದ ಮೇಲಿನ ರಾಜನಿಗೆ ಮಖಮಲ್ಲು, ಜರಿ, ಮಣಿಯ ಉಡುಪನ್ನು ರೂಢಿ ಮಾಡಿದವು. ಅವುಗಳನ್ನು ನೋಡಿ ಮರಾಠಿ, ಕನ್ನಡ ಕಂಪನಿಗಳೂ ಅದನ್ನೇ ಹಿಡಿದವು. 1894ರಲ್ಲಿ ಶುರುವಾದ ರವಿವರ್ಮನ ಅಚ್ಚುಕೂಟದ ಬಣ್ಣದ ಪಟಗಳು ದೇವರಿಗೂ ರಾಜರಿಗೂ ಒಂದೇ ನಮೂನೆಯ ಉಡುಗೆ ತೊಡಿಸಿ ಮನೆಮನೆಯ ಗೋಡೆಗೆ ತಂದವು. ಪೌರಾಣಿಕ ನಾಟಕದ ದುರ್ಯೋಧನ, ಐತಿಹಾಸಿಕ ನಾಟಕದ ಎಚ್ಚಮನಾಯಕ, ಇಬ್ಬರಿಗೂ ಪೆಟ್ಟಿಗೆಯಲ್ಲಿದ್ದ ಅಂಗಿ ಒಂದೇ. ಕಂಪನಿಯವರನ್ನು ದೂರುವಂತಿಲ್ಲ, ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ರಾಜ ಯಾರೆಂದು ತಿಳಿಯಬೇಕಲ್ಲ? ಆಮೇಲೆ 1970ರಲ್ಲಿ ರಾಜಕುಮಾರ್ ಅಭಿನಯದ 'ಶ್ರೀ ಕೃಷ್ಣದೇವರಾಯ' ಬಂತು. ನಮ್ಮ ತಲೆಮಾರಿನ ಕಣ್ಣಲ್ಲಿ ರಾಯ ಎಂದರೆ ಅದೇ ರೂಪ.

ಹರಿದ ಅಂಗಿಯನ್ನು ಮರುದಿನ ಬಸ್ ನಿಲ್ದಾಣದ ಪಕ್ಕದ ಟೈಲರ್ ಸಾಹೇಬರ ಬಳಿಗೆ ಒಯ್ದೆ. ವಯಸ್ಸಾದವರು, ಹೈದರಾಬಾದಿನಲ್ಲಿ ಶೇರವಾನಿ ಹೊಲಿಯುತ್ತಿದ್ದವರು. ಕನ್ನಡಕ ಏರಿಸಿ ಸೀಳನ್ನು ನೋಡಿ, 'ಸರ, ಇದನ್ನ ನಿಮ್ಮ ಶರ್ಟ್ ಇಟ್ಟು ಕತ್ತರಿಸೀರಿ, ಹೌದಲ್ರಿ?' ಎಂದರು. ಹೌದೆಂದೆ. ಅವರು ನಕ್ಕು ಒಂದು ಹಳೆಯ ಕಾಗದ ತೆಗೆದು ಗೆರೆ ಹಾಕಿ ತೋರಿಸಿದರು.

ನಾವೀಗ ತೊಡುವ ಶರ್ಟಿನಲ್ಲಿ ಹೆಗಲಿಗೆ ಇಳಿಜಾರು ಇರುತ್ತದೆ, ತೋಳು ಕೂಡುವ ಜಾಗದಲ್ಲಿ ದುಂಡಗೆ ಕತ್ತರಿಸುತ್ತಾರೆ. ಕೈ ಇಳಿಬಿಟ್ಟು ನಿಂತವನ ಮೈಗೆ ಸರಿಯಾಗಿ ಕೂರಲೆಂದು ಮಾಡಿದ ಕತ್ತರಿಕೆ ಅದು. ಕೈ ಮೇಲೆತ್ತಿದರೆ ಇಡೀ ಅಂಗಿ ಜೊತೆಗೆ ಮೇಲೇಳುತ್ತದೆ. ನಡುವಿಗೆ ಬಿಗಿಯಾಗಿ ಪಟ್ಟಿ ಕಟ್ಟಿದ್ದರೆ ಮೇಲೇಳಲು ಆಗದೆ ಕಂಕುಳಲ್ಲಿ ಹರಿಯುತ್ತದೆ. ನಮ್ಮ ರಾಯನಿಗೆ ನಾವು ಬೆಳ್ಳಿಯ ಬಣ್ಣದ ಬೆಲ್ಟು ಬಿಗಿದಿದ್ದೆವು! ಹಳೆಯ ಕಾಲದ ಅಂಗಿಯಲ್ಲಿ ಈ ದುಂಡು ಕತ್ತರಿಕೆಯೇ ಇಲ್ಲ. ಮಗ್ಗದಿಂದ ಬಂದ ಬಟ್ಟೆಯ ಅಗಲವನ್ನೇ ಹಿಡಿದು ನೇರ ತುಂಡು ಮಾಡುತ್ತಾರೆ. ಮೈಗೆ ಒಂದು ಉದ್ದ ತುಂಡು, ತೋಳಿಗೆ ಎರಡು ನೇರ ತುಂಡು. ಹರಡಿದರೆ ಶಿಲುಬೆಯ ಆಕಾರ. ಕೆಳಗೆ ಘೇರು ಬರಲೆಂದು ಬದಿಗೆ ತ್ರಿಕೋನದ ತುಂಡುಗಳು. ತೋಳೂ ಮೈಯೂ ಕೂಡುವ ಕಂಕುಳಲ್ಲಿ ಅಂಗೈಯಷ್ಟು ಅಗಲದ ಒಂದು ಚೌಕ ತುಂಡನ್ನು ಮೂಲೆಗೆ ಮೂಲೆ ಸೇರಿಸಿ ಹೊಲಿಯುತ್ತಾರೆ. ಕೈ ಕೆಳಗಿರುವಾಗ ಅದು ಮಡಿಸಿಕೊಂಡು ಒಳಗೆ ಕೂತಿರುತ್ತದೆ. ಕೈ ಎತ್ತಿದರೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಕತ್ತಿ ಬೀಸುವವನಿಗೆ, ಬಿಲ್ಲು ಎಳೆಯುವವನಿಗೆ, ಕುದುರೆಯ ಲಗಾಮು ಹಿಡಿಯುವವನಿಗೆ ಬೇಕಾದದ್ದು ಆ ಅಂಗೈಯಗಲದ ಬಟ್ಟೆ. ಇಂಥ ಅಂಗಿಯಲ್ಲಿ ಬಟ್ಟೆಯ ಚೂರು ಕೂಡ ಹಾಳಾಗುವುದಿಲ್ಲ. ನಾನು ಮಖಮಲ್ಲಿನ ಕಾಲುಭಾಗವನ್ನು ಕತ್ತರಿಸಿ ಕಸಕ್ಕೆ ಹಾಕಿದ್ದೆ.

ಬಟ್ಟೆಯ ಲೆಕ್ಕವೂ ತಪ್ಪಾಗಿತ್ತು. ಅಕ್ಬರನ ಆಸ್ಥಾನದ ವಿವರಗಳಿರುವ ಅಬುಲ್ ಫಜಲನ 'ಐನ್-ಎ-ಅಕ್ಬರಿ'ಯಲ್ಲಿ ಒಂದೊಂದು ಉಡುಪಿಗೆ ಎಷ್ಟು ಬಟ್ಟೆ ಬೇಕೆಂಬ ಪಟ್ಟಿಯಿದೆ. ಅಸ್ತರಿಲ್ಲದ, ಹಿಂದೂಸ್ತಾನಿ ನಮೂನೆಯ ತಕೌಚಿಯಾ ಎಂಬ ಅಂಗಿಗೆ 7 ಗಜ 7 ಗಿರೆ. ಗಜಕ್ಕೆ 16 ಗಿರೆ. ಇಂದಿನ ಅಳತೆಯಲ್ಲಿ ಸುಮಾರು 6 ಮೀಟರು. ಇದು ರಾಯನ ಕಾಲಕ್ಕಿಂತ ಏಳೆಂಟು ದಶಕ ಈಚಿನ, ಉತ್ತರದ ಲೆಕ್ಕ ನಿಜ. ಆದರೂ ಮೂರು ಮೀಟರಿನಲ್ಲಿ ಸಾಮ್ರಾಟನನ್ನು ಮುಗಿಸಲು ಹೊರಟವನಿಗೆ ಸಾಕಷ್ಟು ಪಾಠ.

ಹರಿದದ್ದು ಹೊಲಿಗೆಯ ತಪ್ಪಾಯಿತು. ಆದರೆ ರಾಯ ನಿಜವಾಗಿ ಉಟ್ಟದ್ದೇನು ಎಂಬ ಪ್ರಶ್ನೆ ಆಮೇಲೆ ಬಿಡಲಿಲ್ಲ. ಉತ್ತರ ದೂರದಲ್ಲೇನೂ ಇರಲಿಲ್ಲ, ನಮ್ಮ ಕಾಲೇಜಿನ ಲೈಬ್ರರಿಯಲ್ಲೇ ಇತ್ತು. ರಾಬರ್ಟ್ ಸ್ಯೂವೆಲ್ 1900ರಲ್ಲಿ ಪ್ರಕಟಿಸಿದ 'ಎ ಫಾರ್ಗಾಟನ್ ಎಂಪೈರ್' ಪುಸ್ತಕದ ಕೊನೆಗೆ ಇಬ್ಬರು ಪೋರ್ಚುಗೀಸರ ಬರಹಗಳ ಅನುವಾದವಿದೆ. ಅವರಲ್ಲಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದು ಕೃಷ್ಣದೇವರಾಯನನ್ನು ಹತ್ತಿರದಿಂದ ನೋಡಿದವನು. ಅದನ್ನು ನಾನು ಪರೀಕ್ಷೆಗೆಂದು ಎರಡು ಸಲ ಓದಿದ್ದೆ. ಸೈನ್ಯದ ಸಂಖ್ಯೆ, ಪೇಟೆಯ ವರ್ಣನೆ, ಮಹಾನವಮಿ ಎಲ್ಲವನ್ನೂ ಗುರುತು ಹಾಕಿಕೊಂಡಿದ್ದೆ. ಬಟ್ಟೆಯ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗಿದ್ದೆ.

ಪಾಯಸ್ ಹೇಳುವಂತೆ ರಾಯ ಸಾಧಾರಣ ಎತ್ತರದವನು, ತುಸು ಸ್ಥೂಲದ ಕಡೆಗಿದ್ದವನು, ಮುಖದ ಮೇಲೆ ಸಿಡುಬಿನ ಕಲೆಗಳು. ಅವನು ತೊಟ್ಟಿದ್ದು ಬಿಳಿಯ ಬಟ್ಟೆ; ಅದರ ತುಂಬ ಚಿನ್ನದ ನೂಲಿನಲ್ಲಿ ತೆಗೆದ ಗುಲಾಬಿ ಹೂಗಳು. ಕೊರಳಲ್ಲಿ ವಜ್ರದ ಪದಕ. ತಲೆಯ ಮೇಲೆ ಜರತಾರಿಯ ಟೊಪ್ಪಿಗೆ, ಆಕಾರದಲ್ಲಿ ಸ್ಪೇನಿನ ಗಲೀಸಿಯಾದವರ ಶಿರಸ್ತ್ರಾಣದ ಹಾಗೆ, ಅದರ ಮೇಲೆ ನಯವಾದ ರೇಷ್ಮೆಯ ಹೊದಿಕೆ. ಕಾಲು ಬರಿಗಾಲು. ಎಲ್ಲಿಯ ಕೆಂಪು ಮಖಮಲ್ಲು, ಎಲ್ಲಿಯ ಕಿರೀಟ!

ಇದೊಂದೇ ಸಾಕ್ಷಿಯಾಗಿದ್ದರೆ ಪರದೇಶಿಯ ಕಣ್ಣಿನ ತಪ್ಪು ಎನ್ನಬಹುದಿತ್ತು. ರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಬಂದಿದ್ದ ಇಟಲಿಯ ವರ್ತೇಮಾ, ಆಗಿನ ದೊರೆಯ ಟೊಪ್ಪಿಗೆ ಎರಡು ಗೇಣು ಉದ್ದದ್ದೆಂದೂ ಬಂಗಾರದ ಜರಿಯದೆಂದೂ ಬರೆದಿದ್ದಾನೆ. ಯುದ್ಧಕ್ಕೆ ಹೋಗುವಾಗ ದೊರೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ತೊಡುತ್ತಾನೆ. ಸ್ಥಿತಿವಂತರು ಗಿಡ್ಡ ಅಂಗಿ ತೊಟ್ಟು ತಲೆಗೆ ಬಟ್ಟೆ ಸುತ್ತುತ್ತಾರೆ. ಸಾಮಾನ್ಯ ಜನ ಸೊಂಟಕ್ಕೊಂದು ತುಂಡು ಬಿಟ್ಟರೆ ಬರಿಮೈ. ರಾಯನ ಕಾಲದಲ್ಲೇ ಬರೆದ ಬಾರ್ಬೋಸನೂ ಮುಂದುಗಡೆ ತೆರೆದಿರುವ ಬಿಳಿಯ ಗಿಡ್ಡ ಅಂಗಿಯನ್ನು ಹೇಳುತ್ತಾನೆ. ಕುದುರೆ ವ್ಯಾಪಾರಿ ನೂನಿಜ್ ಬಂದದ್ದು ರಾಯ ತೀರಿಕೊಂಡ ಮೇಲೆ, ಅಚ್ಯುತರಾಯನ ಕಾಲದಲ್ಲಿ. ಅವನ ಪ್ರಕಾರ ದೊರೆ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ಮುಟ್ಟುವುದಿಲ್ಲ. ಕಳಚಿದ್ದನ್ನು ಅದಕ್ಕೆಂದೇ ನೇಮಿಸಿದ ಅಧಿಕಾರಿಗಳು ಲೆಕ್ಕ ಬರೆದು ಒಳಗಿಡುತ್ತಾರೆ, ಯಾರಿಗೂ ದಾನ ಕೊಡುವುದಿಲ್ಲ. ಟೊಪ್ಪಿಗೆಗಳಿಗೆ ಅವನು ಅಲ್ಲಿಯ ಹೆಸರನ್ನೇ ಕೊಟ್ಟಿದ್ದಾನೆ. ಪೋರ್ಚುಗೀಸ್ ಬರವಣಿಗೆಯಲ್ಲಿ ಅದು 'ಕುಲಾಯಿಸ್' ಎಂಬಂತೆ ಕಾಣುತ್ತದೆ. ಒಂದರ ಬೆಲೆ ಇಪ್ಪತ್ತು ಕ್ರುಜಾಡೊ.

ಇವರೆಲ್ಲರಿಗಿಂತ ಹಿಂದೆ, 1443ರಲ್ಲಿ, ಹೆರಾತಿನ ಶಾಹ್‌ರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನ ಸಭೆಗೆ ಬಂದಿದ್ದ. ಕೊರಳಲ್ಲಿ ಮುತ್ತಿನ ಹಾರ ಹಾಕಿದ ತೆಳ್ಳನೆಯ ತರುಣ ದೊರೆಯ ಮೈಮೇಲೆ ಅವನು ಕಂಡದ್ದು 'ಜೈತೂನಿ' ರೇಷ್ಮೆಯ ಕಬಾ, ಅಂದರೆ ಉದ್ದನೆಯ ನಿಲುವಂಗಿ. ಜೈತೂನ್ ಎಂದರೆ ಆಲಿವ್ ಕಾಯಿ. ಹಾಗಾಗಿ ಕೆಲವು ಅನುವಾದಗಳಲ್ಲಿ ಇದು ಹಸಿರು ಸ್ಯಾಟಿನ್ ಆಗಿದೆ. ಆದರೆ ಚೀನಾದ ದೊಡ್ಡ ಬಂದರೊಂದನ್ನು ಅರಬ್ ವರ್ತಕರು ಕರೆಯುತ್ತಿದ್ದ ಹೆಸರೂ ಜೈತೂನ್. ಅಲ್ಲಿಂದ ಹಡಗಿಗೆ ಏರುತ್ತಿದ್ದ ನುಣುಪು ರೇಷ್ಮೆಗೆ ಅದೇ ಹೆಸರು ಬಿತ್ತು, ಸ್ಯಾಟಿನ್ ಎಂಬ ಮಾತೇ ಅದರಿಂದ ಹುಟ್ಟಿತೆನ್ನುತ್ತಾರೆ. ಅನುವಾದವನ್ನು ನಂಬಿ ಹಸಿರು ಬಟ್ಟೆ ಕೊಳ್ಳಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಬರಹ ಸಾಲದಿದ್ದರೆ ಚಿತ್ರಗಳಿವೆ. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ಅಚ್ಯುತರಾಯನ ಕಾಲದ ವೀರಭದ್ರ ಗುಡಿಯ ಮಂಟಪದಲ್ಲಿ ತಲೆ ಎತ್ತಿ ನೋಡಿ. ಗುಡಿಯನ್ನು ಕಟ್ಟಿಸಿದ ವಿರೂಪಣ್ಣ, ಅವನ ತಮ್ಮ, ಪರಿವಾರದವರು ಸಾಲಾಗಿ ನಿಂತಿದ್ದಾರೆ. ತಲೆಯ ಮೇಲೆ ಕೋನಾಕಾರದ ಎತ್ತರದ ಟೊಪ್ಪಿಗೆ, ಮೈಮೇಲೆ ಉದ್ದಂಗಿ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕೆತ್ತಿದ ಪಟ್ಟಿಕೆಗಳಲ್ಲೂ ಉದ್ದಂಗಿಯವರು, ಟೊಪ್ಪಿಗೆಯವರು ಕಾಣುತ್ತಾರೆ. ಕೆಲವರು ಗಡ್ಡ ಬಿಟ್ಟ ತುರುಕರು, ಕುದುರೆಗಳ ಜೊತೆ ಬಂದವರು. ನಾನು ವಿದ್ಯಾರ್ಥಿಗಳನ್ನು ಪ್ರತಿ ವರ್ಷ ಹಂಪಿಗೆ ಕರೆದೊಯ್ಯುತ್ತಿದ್ದೆ. ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಿದ್ದೆವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮವರಿಗೆ ಹೊಲಿಗೆಯೇ ತಿಳಿದಿರಲಿಲ್ಲ, ಅದು ಬಂದದ್ದೇ ಸುಲ್ತಾನರ ಜೊತೆಗೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಸಿಂಧೂ ಕಣಿವೆಯ ನೆಲೆಗಳಲ್ಲೇ ಸೂಜಿಗಳು ಸಿಕ್ಕಿವೆ. ಅಮರಕೋಶದಲ್ಲಿ ದರ್ಜಿಗೆ ತುನ್ನವಾಯ, ಸೌಚಿಕ ಎಂಬ ಹೆಸರುಗಳಿವೆ. ಏಳನೆಯ ಶತಮಾನದ ಬಾಣಭಟ್ಟನ 'ಹರ್ಷಚರಿತ'ದಲ್ಲಿ ಕಂಚುಕ, ವಾರಬಾಣ, ಕೂರ್ಪಾಸಕ ಎಂದು ನಾನಾ ಬಗೆಯ ಹೊಲಿದ ಉಡುಪುಗಳು ಬರುತ್ತವೆ. ಆ ಕೂರ್ಪಾಸವೇ ನಮ್ಮ ಕುಪ್ಪಸ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ. ಅಜಂತೆಯ ಚಿತ್ರಗಳಲ್ಲಿ ಹೊಲಿದ ಅಂಗಿ ತೊಟ್ಟವರು ಬೇಕಾದಷ್ಟು. ಆದರೆ ಹೆಚ್ಚಾಗಿ ಅವರು ಸೇವಕರು, ಸೈನಿಕರು, ಹೊರನಾಡಿನವರು. ರಾಜನ ಮೈ ಬರಿದು, ಒಡವೆಗಳಿಂದ ತುಂಬಿದ್ದು. ತಿಳಿಯದೆ ಬಿಟ್ಟದ್ದಲ್ಲ. ಹೊಲಿದದ್ದು ಕೆಲಸದವನ ಬಟ್ಟೆ. ಸುಂದರವಾದ ಬರಿಮೈ, ಅದರ ಮೇಲೊಂದು ಉತ್ತರೀಯ, ರಾಜನ ಲಕ್ಷಣ. ಬಿಸಿಲಿನ ನಾಡಿನಲ್ಲಿ ಇದು ಜಾಣತನವೂ ಹೌದು.

ದರ್ಜಿಯ ಅಂಗಡಿಯ ಮಾತುಗಳನ್ನೇ ಗಮನಿಸಿ. ಸೂಜಿ, ಕತ್ತರಿ, ನೂಲು, ಕಸೆ, ಹೊಲಿಗೆ ಇವು ಸಂಸ್ಕೃತದಿಂದಲೋ ಹಳಗನ್ನಡದಿಂದಲೋ ಬಂದವು. ಜೇಬು, ಅಸ್ತರು, ಜುಬ್ಬ, ಪೈಜಾಮ, ರುಮಾಲು, ಕೊನೆಗೆ ದರ್ಜಿ ಎಂಬ ಮಾತೂ ಪಾರಸಿ ಅರಬ್ಬಿಗಳ ಕಡೆಯದು. ಹಳೆಯ ಕಸುಬು ಇಲ್ಲಿಯದು. ಹೊಸ ಉಡುಪುಗಳು ಬಂದಾಗ ಹೆಸರುಗಳೂ ಜೊತೆಗೆ ಬಂದವು.

ಹಾಗಾದರೆ ಹದಿನೈದನೆಯ ಶತಮಾನದ ಹೊತ್ತಿಗೆ ವಿಜಯನಗರದ ದೊರೆ ಮೈ ಮುಚ್ಚಿಕೊಂಡದ್ದೇಕೆ? ಕುದುರೆಯನ್ನು ಮರೆಯುವಂತಿಲ್ಲ. ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ಬಹುಪಾಲು ಹೊರ್ಮುಜಿನ ಕಡೆಯಿಂದ ಬಂದವು. ಕುದುರೆ ಬಂದಲ್ಲಿಗೆ ಅದನ್ನು ಪಳಗಿಸುವವನು, ಮಾರುವವನು, ಏರುವವನು ಬಂದರು, ಅವರ ಉಡುಪೂ ಬಂತು. ಆದರೆ ಸವಾರಿಯ ಅನುಕೂಲವಷ್ಟೇ ಕಾರಣವಾಗಿದ್ದರೆ ದೊರೆ ಸಿಂಹಾಸನದ ಮೇಲೂ ಅದನ್ನೇ ತೊಡಬೇಕಾಗಿರಲಿಲ್ಲ.

ಇದಕ್ಕೆ ನನಗೆ ಉತ್ತರ ಸಿಗುವ ಮೊದಲೇ ಎರಡನೆಯ ಅಂಗಿ ಹೊಲಿದೆ. ಅದು 1999. ಕಾಲೇಜಿನವರಲ್ಲ, ಊರಿನ ಯುವಕರ ತಂಡದ ನಾಟಕ. ಈ ಸಲ ಆರು ಮೀಟರು ಬಿಳಿಯ ತೆಳು ಹತ್ತಿಬಟ್ಟೆ ತಂದೆ. ಸಾಹೇಬರು ಆಗ ಇರಲಿಲ್ಲ, ಅವರು ಬರೆದುಕೊಟ್ಟ ಕಾಗದ ಇತ್ತು. ನೇರ ತುಂಡುಗಳು, ಬದಿಗೆ ತ್ರಿಕೋನಗಳು, ಕಂಕುಳಿಗೆ ಚೌಕ. ಗುಂಡಿ ಹಾಕದೆ ಕಸೆ ಇಟ್ಟೆ. ತಕೌಚಿಯಾ ಮೊದಲು ಎಡಗಡೆ ಕಟ್ಟುವಂಥದ್ದಾಗಿತ್ತು, ಅದನ್ನು ಬಲಗಡೆಗೆ ಬದಲಾಯಿಸಿದವನು ಅಕ್ಬರ್ ಎಂದು ಅಬುಲ್ ಫಜಲನೇ ಬರೆದಿರುವುದರಿಂದ ರಾಯನಿಗೆ ಎಡಗಡೆ ಕಟ್ಟಿದೆ. ಚಿನ್ನದ ಗುಲಾಬಿಗಳನ್ನು ಕಸೂತಿ ಹಾಕಿಸುವಷ್ಟು ಹಣವಿರಲಿಲ್ಲ. ಆಲೂಗಡ್ಡೆಯಲ್ಲಿ ಹೂವು ಕೆತ್ತಿ, ಬಂಗಾರದ ಬಣ್ಣ ಹಚ್ಚಿ, ಒಂದು ರಾತ್ರಿ ಕೂತು ಇನ್ನೂರು ಚಿಲ್ಲರೆ ಹೂವು ಒತ್ತಿದೆವು. ಟೊಪ್ಪಿಗೆಗೆ ಒಳಗೆ ಬಕ್ರಮ್ಮು, ಮೇಲೆ ಹಳೆಯ ರೇಷ್ಮೆಸೀರೆಯ ಸೆರಗು. ಎತ್ತರ ಲೆಕ್ಕ ಹಾಕಿ ಎರಡು ಗೇಣು.

ತಾಲೀಮಿನ ದಿನ ರಾಯನ ಪಾತ್ರದ ಹುಡುಗನ ಅಜ್ಜಿ ಬಂದಿದ್ದರು. ಮೊಮ್ಮಗನನ್ನು ಮೇಲಿಂದ ಕೆಳಗೆ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. 'ಅಯ್ಯ, ಇದೇನೋ! ಇಷ್ಟು ದೊಡ್ಡಾಂವನ ತಲೀಮ್ಯಾಲೆ ಕೂಸಿನ ಕುಲಾವಿ ಇಟ್ಟೀರಲ್ಲ?'

ನಾನು ಹನ್ನೆರಡು ವರ್ಷಗಳಿಂದ ಆ ಪೋರ್ಚುಗೀಸ್ ಮಾತನ್ನು ಬಾಯಿಗೆ ಬಂದಂತೆ ಉಚ್ಚರಿಸುತ್ತಿದ್ದೆ. ನೂನಿಜ್ ಕಿವಿಯಿಂದ ಕೇಳಿ ಬರೆದುಕೊಂಡದ್ದು ಕುಲ್ಲಾಯಿ. ಪಾರಸಿಯ ಕುಲಾಹ್, ಅಂದರೆ ಟೊಪ್ಪಿಗೆ. ಕನ್ನಡದಲ್ಲಿ ಅದು ಕುಲಾಯಿಯಾಗಿ, ಕುಲಾವಿಯಾಗಿ ಉಳಿದಿದೆ. ಸಾಮ್ರಾಜ್ಯ ಹೋಯಿತು, ಇಪ್ಪತ್ತು ಕ್ರುಜಾಡೊ ಬೆಲೆಯ ಟೊಪ್ಪಿಗೆಗಳು ಹೋದವು, ಮಾತು ಮಾತ್ರ ತೊಟ್ಟಿಲಿಗೆ ಇಳಿಯಿತು. ಉತ್ತರ ಕರ್ನಾಟಕದ ಮನೆಗಳಲ್ಲಿ ಬಾಣಂತಿತನಕ್ಕೆಂದು ಕುಂಚಿಗೆ, ಕುಲಾವಿ ಹೊಲಿಸುವಾಗ ಯಾರಿಗೂ ವಿಜಯನಗರ ನೆನಪಾಗುವುದಿಲ್ಲ. ಅಜ್ಜಿಗೆ ಮಾತ್ರ ಅದರ ಆಕಾರ ನೋಡಿದೊಡನೆ ಹೆಸರು ನೆನಪಾಯಿತು.

ಆದರೆ ಮರುದಿನ ನಾಟಕ ನಡೆಸುವ ಹಿರಿಯರು ಬಂದು ನೋಡಿದರು. ಅವರಿಗೆ ನಗು ಬರಲಿಲ್ಲ. 'ಸರ, ಇದು ನಮ್ಮ ರಾಯ ಅಲ್ರಿ. ನವಾಬ ಆಗ್ಯಾನ' ಎಂದರು. ನಾನು ಪಾಯಸ್‌ನನ್ನು ಓದಿ ಹೇಳಿದೆ. ಪರದೇಶದವರು ಏನು ಬೇಕಾದರೂ ಬರೆಯುತ್ತಾರೆ ಎಂದರು. ಲೇಪಾಕ್ಷಿಯ ಫೋಟೊ ತೋರಿಸಿದೆ. ಅದು ಆಂಧ್ರ ಎಂದರು! ಸಿಟ್ಟಿನಿಂದ ಆಡಿದ ಮಾತುಗಳಲ್ಲ ಅವು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಸುಲ್ತಾನರ ಎದುರು ನಿಂತ ರಾಯನಿಗೆ ಸುಲ್ತಾನರ ಅಂಗಿ ತೊಡಿಸಿದರೆ ನೋಡಿದವರು ಏನೆಂದುಕೊಂಡಾರು ಎಂಬುದು ಅವರ ಚಿಂತೆ. ಅದಕ್ಕೆ ಕೊಡುವ ಉತ್ತರ ಆಗ ನನ್ನ ಬಳಿ ಇರಲಿಲ್ಲ. ಕೊನೆಗೆ ರಾಜಿಯಾಯಿತು. ಬಿಳಿಯ ಅಂಗಿ ಇರಲಿ, ಅದರ ಮೇಲೆ ಕೆಂಪು ಶಲ್ಯ ಹೊದಿಸುವುದು, ತಲೆಗೆ ಬಾಡಿಗೆಯ ಕಿರೀಟ. ಹೊಲಿದ ಕುಲಾವಿ ಹಾಳಾಗಬಾರದೆಂದು ಅದನ್ನು ಬಿಜಾಪುರದ ಆದಿಲಶಾಹಿಯ ರಾಯಭಾರಿಯ ತಲೆಗಿಟ್ಟರು. ನಾಟಕದ ದಿನ ರಾಯನ ಟೊಪ್ಪಿಗೆ ತೊಟ್ಟು ಬಂದವನನ್ನು ರಾಯನೇ ಸಭೆಯಲ್ಲಿ ಬೈದು ಕಳಿಸಿದ. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ನಿಂತು ನಾನೂ ತಟ್ಟಿದೆ.

ಕೆಲವು ತಿಂಗಳ ಬಳಿಕ ಗೆಳೆಯರೊಬ್ಬರು ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ಬರೆದ ಲೇಖನವೊಂದರ ಜೆರಾಕ್ಸ್ ಕೊಟ್ಟರು. ವಿಷಯ ಇದೇ: ವಿಜಯನಗರದ ಅರಸರ ಕಬಾಯಿ, ಕುಲ್ಲಾಯಿ ಮತ್ತು ಬಿರುದುಗಳು. ಹದಿನಾಲ್ಕನೆಯ ಶತಮಾನದಲ್ಲೇ ಬುಕ್ಕರಾಯನಿಗೆ 'ಹಿಂದೂರಾಯ ಸುರತ್ರಾಣ' ಎಂಬ ಬಿರುದಿತ್ತು. ಸುರತ್ರಾಣ ಎಂದರೆ ದೇವರನ್ನು ಕಾಪಾಡುವವನು ಎಂದು ಪಂಡಿತರು ಬಿಡಿಸಬಹುದು, ಆದರೆ ಅದು ಸುಲ್ತಾನ್ ಎಂಬುದರ ಸಂಸ್ಕೃತ ರೂಪ. ಹಿಂದೂ ರಾಯರಲ್ಲಿ ಸುಲ್ತಾನ! ಆ ಕಾಲಕ್ಕೆ ಹೆರಾತಿನಿಂದ ಹೊರ್ಮುಜಿನವರೆಗೆ, ದಿಲ್ಲಿಯಿಂದ ಬೀದರಿನವರೆಗೆ, ರಾಜಸಭೆಯಲ್ಲಿ ಮೈ ಮುಚ್ಚಿ ಕೂರುವುದು ಮರ್ಯಾದೆ. ಬರಿಮೈಯಲ್ಲಿ ಕೂತ ದೊರೆ ಅವರ ಕಣ್ಣಿಗೆ ದೊರೆಯೇ ಅಲ್ಲ. ತನ್ನನ್ನು ದೊಡ್ಡ ಲೋಕದ ಚಕ್ರವರ್ತಿಗಳಲ್ಲಿ ಒಬ್ಬನೆಂದು ಎಣಿಸಿಕೊಂಡ ವಿಜಯನಗರದ ಅರಸ ಆ ಲೋಕದ ಉಡುಪನ್ನು ಆರಿಸಿಕೊಂಡ. ಧರ್ಮ ಬಿಡಲಿಲ್ಲ, ಯಾರ ಒತ್ತಾಯವೂ ಇರಲಿಲ್ಲ. ಇದು ವ್ಯಾಗನರ್ ವಾದದ ತಿರುಳು. ಎಲ್ಲರೂ ಅದನ್ನು ಪೂರ್ತಿ ಒಪ್ಪಬೇಕಿಲ್ಲ. ಬೆಂಗಳೂರಿನಲ್ಲಿ ಕೋಟು ಟೈ ಕಟ್ಟಿ ಕಚೇರಿಗೆ ಹೋಗುವ ನಾವು ಅದನ್ನು ಅರ್ಥ ಮಾಡಿಕೊಳ್ಳುವುದಂತೂ ಕಷ್ಟವಲ್ಲ.

ಇದಕ್ಕೆ ಅತ್ಯಂತ ಒಳ್ಳೆಯ ಸಾಕ್ಷಿ ತಿರುಮಲೆಯಲ್ಲಿದೆ. ದೇವಸ್ಥಾನದ ಒಳಗೆ ಕೃಷ್ಣದೇವರಾಯ, ತಿರುಮಲಾದೇವಿ, ಚಿನ್ನಾದೇವಿ ಮೂವರೂ ಕೈಮುಗಿದು ನಿಂತ ಲೋಹದ ಪ್ರತಿಮೆಗಳಿವೆ. ಲಕ್ಷಾಂತರ ಜನ ಸಾಲಿನಲ್ಲಿ ಅವುಗಳನ್ನು ದಾಟಿ ಹೋಗುತ್ತಾರೆ. ರಾಯನ ಮೈ ಬರಿದು, ಸೊಂಟದಲ್ಲಿ ನೆರಿಗೆಯ ಪಂಚೆ. ದೇವರ ಮುಂದೆ ಹೊಲಿದ ಅಂಗಿ ಇಲ್ಲ. ಆದರೆ ತಲೆಯ ಮೇಲೆ ಅದೇ ಎತ್ತರದ ಕುಲ್ಲಾಯಿ. ಅಂಗಿಯನ್ನು ಹೊರಗೆ ಬಿಟ್ಟು ಬಂದ ರಾಯ ಟೊಪ್ಪಿಗೆಯನ್ನು ಬಿಡಲಿಲ್ಲ. ತಾಲೀಮಿನ ದಿನ ಇದು ನೆನಪಿಗೆ ಬಂದಿದ್ದರೆ ನಮ್ಮ ಹಿರಿಯರು ಬೇರೆ ಮಾತಾಡುತ್ತಿದ್ದರೋ ಏನೋ. ವೆಂಕಟರಮಣನ ಸನ್ನಿಧಿಯಲ್ಲಿ ಇರುವುದನ್ನು ಯಾರು ಬೇಡವೆಂದಾರು?

ಈಗ ನೋಡಿದರೆ ನನ್ನ ಎರಡನೆಯ ಅಂಗಿಯಲ್ಲೂ ತಪ್ಪುಗಳಿವೆ. ಬಟ್ಟೆ ಯಂತ್ರದ್ದು, ನೂಲು ಪಾಲಿಯೆಸ್ಟರಿನದು. ಕುತ್ತಿಗೆಗೆ ನಾನಿಟ್ಟ ಎದ್ದುನಿಲ್ಲುವ ಕಾಲರು ಶೇರವಾನಿಯ ಕಾಲದ್ದು, ಅಂದರೆ ಮುನ್ನೂರು ವರ್ಷ ಈಚಿನದು. ಇಂಗ್ಲೆಂಡಿನಲ್ಲಿ ಜಾನೆಟ್ ಆರ್ನಲ್ಡ್ ಎಂಬಾಕೆ ಉಳಿದುಬಂದ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಅಳೆದು, ನಕ್ಷೆ ಬರೆದು 1964ರಿಂದ ಪುಸ್ತಕ ಮಾಡತೊಡಗಿದರು. ಅಲ್ಲಿ ಹಳೆಯ ಉಡುಪು ಹೊಲಿಯುವವರಿಗೆ ಅದು ಪಂಚಾಂಗವಿದ್ದ ಹಾಗೆ. ನಮಗೆ ಅಂಥ ಆಧಾರ ಕಲ್ಲು, ಸುಣ್ಣದ ಗೋಡೆ ಮತ್ತು ಪ್ರವಾಸಿಗಳ ನಾಲ್ಕು ಸಾಲು. ತಾಳಿಕೋಟೆಯ ಕದನವನ್ನು ಕುರಿತು ಗಿರೀಶ ಕಾರ್ನಾಡರು 2018ರಲ್ಲಿ ಪ್ರಕಟಿಸಿದ 'ರಾಕ್ಷಸ-ತಂಗಡಿ'ಯಂಥ ನಾಟಕಗಳನ್ನು ಆಡಿಸುವವರು ರಾಮರಾಯನಿಗೆ ಏನು ತೊಡಿಸಬೇಕೆಂದು ಈಗಲೂ ತಲೆ ಕೆಡಿಸಿಕೊಳ್ಳಲೇಬೇಕು.

ಕೆಲವು ವರ್ಷಗಳ ಹಿಂದೆ ಕೊಡಗಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಗಂಡು ಬಿಳಿಯ ಕುಪ್ಯ ತೊಟ್ಟಿದ್ದ, ಬಂಧುಗಳು ಕಪ್ಪು ಕುಪ್ಯ. ಮೊಳಕಾಲಿನವರೆಗಿನ ಅರ್ಧತೋಳಿನ ಅಂಗಿ, ಒಂದು ಬದಿ ಇನ್ನೊಂದರ ಮೇಲೆ ಬರುತ್ತದೆ, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಬಿಗಿದಿರುತ್ತದೆ. ಹೆಸರು ಕೇಳಿದರೆ ನಮ್ಮ ಕುಪ್ಪಸ ನೆನಪಾಗುತ್ತದೆ. ಇದಕ್ಕೂ ವಿಜಯನಗರದ ಕಬಾಯಿಗೂ ನೇರ ಸಂಬಂಧ ಕಲ್ಪಿಸಲು ನಾನು ಹೋಗುವುದಿಲ್ಲ. ಆದರೆ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಎಲ್ಲರೂ ಹೊರಗೆ ಬಂದಾಗ ನನ್ನ ಕಣ್ಣು ಕತ್ತಿಯ ಮೇಲಿರಲಿಲ್ಲ. ಕುಪ್ಯ ತೊಟ್ಟ ಹಿರಿಯರೊಬ್ಬರು ನಡುಪಟ್ಟಿಯನ್ನು ಸರಿಮಾಡಿಕೊಂಡು, ಕತ್ತಿಯನ್ನು ತಲೆಯ ಮೇಲಕ್ಕೆ ಎತ್ತಿ ಒಂದೇ ಏಟಿಗೆ ದಿಂಡನ್ನು ತುಂಡು ಮಾಡಿದರು. ಕಂಕುಳಲ್ಲಿ ಒಂದು ಎಳೆಯೂ ಬಿಡಲಿಲ್ಲ. ಊಟವಾದ ಮೇಲೆ ಅವರ ಪಕ್ಕ ಕೂತು, ಅಂಗಿ ಹೊಲಿದವರು ಯಾರು ಎಂದು ವಿಚಾರಿಸಿದೆ.